ಹತ್ತಕ್ಕೆ ಒಂಬತ್ತು ಬಂದ ಅರ್ಜಿ

ನನ್ನ ತರಗತಿಗಳಲ್ಲಿ ಈವರೆಗೆ ಸತ್ತಿರುವ ಅಜ್ಜಿಯರ ಲೆಕ್ಕ ಯಾರೂ ಇಟ್ಟಿಲ್ಲ. ಇಟ್ಟಿದ್ದರೆ ಬಸವನಗುಡಿಯಿಂದ ಮಲ್ಲೇಶ್ವರದವರೆಗೆ ಒಬ್ಬ ಅಜ್ಜಿಯೂ ಉಳಿದಿಲ್ಲವೆಂದು ಗೊತ್ತಾಗುತ್ತಿತ್ತು. ಪದವಿ ತರಗತಿಯ ಮಕ್ಕಳಿಗೆ ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಸುವುದು ನನ್ನ ಕೆಲಸ. ಪತ್ರ ಬರೆಯುವುದು ಅದರಲ್ಲೊಂದು ಪಾಠ. ರಜೆ ಕೋರಿ ಪ್ರಿನ್ಸಿಪಾಲರಿಗೆ ಪತ್ರ ಬರೆಯಿರಿ ಎಂದರೆ ಎಪ್ಪತ್ತು ಜನರಲ್ಲಿ ಐವತ್ತು ಜನ ಅಜ್ಜಿಯನ್ನು ಸಾಯಿಸುತ್ತಾರೆ, ಮಿಕ್ಕವರು ಅಕ್ಕನ ಮದುವೆ ಮಾಡುತ್ತಾರೆ. ಒಬ್ಬಳಂತೂ ಒಂದೇ ಸೆಮಿಸ್ಟರಿನಲ್ಲಿ ಅಕ್ಕನಿಗೆ ಎರಡು ಸಲ ಮದುವೆ ಮಾಡಿಸಿದ್ದಳು. ವಿಚಾರಿಸಿದರೆ ಅವಳಿಗೆ ಅಕ್ಕನೇ ಇರಲಿಲ್ಲ.

ಇದರಲ್ಲಿ ಮಕ್ಕಳ ತಪ್ಪೇನಿಲ್ಲ. ನನ್ನ ತರಗತಿಗೆ ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು. ಕಾರಿಡಾರಿನಲ್ಲಿ ಅವರ ಕನ್ನಡ ಕೇಳಬೇಕು. ಒಬ್ಬರನ್ನೊಬ್ಬರು ರೇಗಿಸುವುದೇನು, ನಮ್ಮ ನಡಿಗೆಯನ್ನೇ ಅಣಕಿಸುವುದೇನು, ಕ್ಯಾಂಟೀನಿನವನನ್ನು ಮಾತಿನಲ್ಲೇ ಮಣಿಸುವುದೇನು! ಅದೇ ಬಾಯಿಗಳು ಇಂಗ್ಲಿಷ್ ಪಿರಿಯಡ್ಡಿನಲ್ಲಿ ಬೀಗ ಹಾಕಿಕೊಳ್ಳುತ್ತವೆ. ಬರೆಯಿರಿ ಎಂದರೆ ಕೈ ತಾನಾಗಿ ಗೈಡಿನ ಕಡೆಗೆ ಹೋಗುತ್ತದೆ. ಗೈಡಿನ ವಾಕ್ಯದಲ್ಲಿ ತಪ್ಪಿರುವುದಿಲ್ಲ, ತಪ್ಪಿಲ್ಲದಿದ್ದರೆ ಮೇಡಂ ಬಯ್ಯುವುದಿಲ್ಲ. ಹಾಗೆ ಬಯ್ಯುವ ಮೇಡಂ ನಾನೇ. ಹೀಗೆ ಇಪ್ಪತ್ತೆಂಟು ವರ್ಷಗಳಲ್ಲಿ ನನ್ನೊಳಗೆ ಒಂದು ನಂಬಿಕೆ ಸದ್ದಿಲ್ಲದೆ ಬೇರೂರಿತ್ತು. ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ ಇರುವುದು ಯಾರ ಬದುಕೂ ಅಲ್ಲ, ಅಲ್ಲಿರುವುದು ಬರೀ ವಾಕ್ಯ ಎನ್ನುವ ನಂಬಿಕೆ.

ನನಗೆ ಕೋಪ ಮೂಗಿನ ತುದಿಯಲ್ಲೇ. ಅದರ ಜೊತೆಗೆ ತಿದ್ದುವ ಚಟ ಬೇರೆ. ಶಂಕರಪುರಂನ ನಮ್ಮ ಮನೆಯ ವರಾಂಡದಲ್ಲಿ ಸಂಜೆ ಹೊತ್ತು ನೋಟ್‌ಬುಕ್ಕುಗಳ ಚೀಲ ಬಿಚ್ಚಿಕೊಂಡು ಕುಳಿತರೆ, ಎದುರು ಮನೆಯವರು ಮಾತಾಡಿಸಲೂ ಹೆದರುತ್ತಾರೆ. ಒಮ್ಮೆ ತಂಗಿಯ ಮಗಳ ಮದುವೆಗೆ ಲಗ್ನಪತ್ರಿಕೆ ಆರಿಸಲು ಸುಲ್ತಾನ್‌ಪೇಟೆಗೆ ಹೋಗಿದ್ದೆವು. ಅಂಗಡಿಯವರು ಮುಂದೆ ಹರಡಿದ ಕಾರ್ಡುಗಳಲ್ಲಿ ಇಂಗ್ಲಿಷ್ ತಪ್ಪುಗಳು ಕಣ್ಣಿಗೆ ಹೊಡೆಯುತ್ತಿದ್ದವು. ಚೀಲದಿಂದ ಕೆಂಪು ಪೆನ್ನು ತೆಗೆದು ತಿದ್ದತೊಡಗಿದೆ. ಅಂಗಡಿಯವರು ಮೂರು ಕಾರ್ಡಿನವರೆಗೆ ತಾಳಿಕೊಂಡರು. ಆಮೇಲೆ ಕೈಮುಗಿದು, "ಮೇಡಂ, ಇವೆಲ್ಲಾ ಸ್ಯಾಂಪಲ್ಲು. ಯಾರ ಮದ್ವೇನೂ ಅಲ್ಲ, ಬಿಟ್ಬಿಡಿ" ಎಂದರು. ತಂಗಿ ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾಳೆ.

ಈಗ ಹೇಳುತ್ತಿರುವುದು ಎರಡು ವರ್ಷದ ಹಿಂದಿನ ಮಾತು. ನಾಲ್ಕನೇ ಸೆಮಿಸ್ಟರು, ಬೇಸಿಗೆ. ಆ ತರಗತಿಗೆ ನಾನೇ ಕ್ಲಾಸ್ ಟೀಚರು ಕೂಡ. ಎಂದರೆ ಹಾಜರಾತಿ ಕಡಿಮೆ ಇರುವವರು ಅದನ್ನು ಮನ್ನಿಸಿ ಎಂದು ಕಾರಣ ಕೊಟ್ಟು ಅರ್ಜಿ ಬರೆಯಬೇಕು, ನಾನು ಅದಕ್ಕೆ ಶಿಫಾರಸು ಮಾಡಿ ಪ್ರಿನ್ಸಿಪಾಲರಿಗೆ ಕಳಿಸಬೇಕು, ಅಲ್ಲಿಂದ ಅದು ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಇಷ್ಟೂ ಒಂದು ಗೊತ್ತಾದ ತಾರೀಖಿನೊಳಗೆ ಆಗದಿದ್ದರೆ ಹಾಲ್ ಟಿಕೆಟ್ ಇಲ್ಲ. ಹಾಲ್ ಟಿಕೆಟ್ ಇಲ್ಲದಿದ್ದರೆ ಒಂದು ವರ್ಷ ಹೋಯಿತು ಎಂದೇ ಅರ್ಥ.

ಅಂದು ಪತ್ರ ಬರೆಯುವ ಅಸೈನ್‌ಮೆಂಟ್ ಕೊಡಬೇಕಾಗಿತ್ತು. ಅಜ್ಜಿಯರ ಸಾವಿನಿಂದ ನನಗೂ ಸಾಕಾಗಿತ್ತು. ಅದಕ್ಕೇ, "ಈ ಸಲ ಹಾಜರಾತಿ ಕೊರತೆ ಮನ್ನಿಸಿ ಅಂತ ಪ್ರಿನ್ಸಿಪಾಲರಿಗೆ ಪತ್ರ ಬರೀರಿ" ಎಂದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ! "ನಗ್ಬೇಡಿ. ಹೇಗೂ ನಿಮ್ಮಲ್ಲಿ ಅರ್ಧ ಜನಕ್ಕೆ ಶಾರ್ಟೇಜ್ ಇದೆ. ಇರೋರು ಸರಿಯಾಗಿ ಬರ್ದು ನನ್ನ ಹತ್ರ ಕೊಡಿ, ಒಂದೇ ಕಲ್ಲಿಗೆ ಎರಡೂ ಕೆಲಸ ಆಗ್ಹೋಗತ್ತೆ" ಎಂದುಬಿಟ್ಟೆ. ಎಲ್ಲರೂ ನಕ್ಕರು. ನನಗೂ ನಗು ಬಂತು.

ಮೂರನೇ ಬೆಂಚಿನ ಗೋಡೆ ಕಡೆ ಕೂರುತ್ತಿದ್ದ ಒಬ್ಬ ಹುಡುಗಿ ನಗಲಿಲ್ಲ ಎಂದು ಈಗ ಬರೆಯಬಹುದು. ಆದರೆ ಅದು ಸುಳ್ಳಾಗುತ್ತದೆ. ಅವಳನ್ನು ನಾನು ನೋಡಿರಲೇ ಇಲ್ಲ. ಶ್ರೀರಾಂಪುರದವಳು, ಮಾತು ಕಡಿಮೆ, ಪರೀಕ್ಷೆಯಲ್ಲಿ ಮಧ್ಯಮ ಅಂಕ. ಅಂಥ ಹುಡುಗಿಯರು ಮೇಷ್ಟ್ರುಗಳ ಕಣ್ಣಿಗೆ ಬೀಳುವುದಿಲ್ಲ. ತುಂಬಾ ಚೆನ್ನಾಗಿ ಓದಬೇಕು, ಇಲ್ಲವೇ ತುಂಬಾ ಗಲಾಟೆ ಮಾಡಬೇಕು, ಆಗ ನಮಗೆ ಮುಖ ನೆನಪಿರುತ್ತದೆ.

ಆ ವಾರ ನೋಟ್‌ಬುಕ್ಕುಗಳು ಬಂದವು. ಒಂದರ ಹಿಂದೆ ಒಂದು ಅದೇ ಗೈಡಿನ ಜ್ವರ, ಅದೇ ಟೈಫಾಯಿಡ್. ನಡುವೆ ಈ ಹುಡುಗಿಯ ಪತ್ರ ಸಿಕ್ಕಿತು. ಗೈಡಿನದಲ್ಲ, ಸ್ವಂತದ್ದು. ಇಂಗ್ಲಿಷ್ ಅಲ್ಲಲ್ಲಿ ಎಡವುತ್ತಿತ್ತು, ಆದರೆ ವಿಷಯ ಎಡವಿರಲಿಲ್ಲ. ತಾಯಿಯ ಕಾಯಿಲೆ, ಆಸ್ಪತ್ರೆ, ಡಾಕ್ಟರು ಹೇಳಿದ ಮಾತು, ತಾಯಿಯಿಂದ ಮುಚ್ಚಿಟ್ಟ ಗುಟ್ಟು ಎಲ್ಲವೂ ಇತ್ತು. ನನಗೆ ಖುಷಿಯಾಯಿತು. ಕೊನೆಗೂ ಒಬ್ಬಳು ತಲೆ ಓಡಿಸಿದ್ದಾಳೆ ಎಂದುಕೊಂಡೆ. ಹನ್ನೊಂದು ಕಡೆ ತಿದ್ದಿದೆ. ಗುಟ್ಟಿನ ಸಾಲಿನ ಪಕ್ಕದ ಅಂಚಿನಲ್ಲಿ 'ಟಚಿಂಗ್' ಎಂದು ಬರೆದೆ. ಕೆಳಗೆ ಹತ್ತಕ್ಕೆ ಒಂಬತ್ತು, 'ವೆರಿ ಗುಡ್', ನನ್ನ ಸಹಿ, ತಾರೀಖು.

ಅಷ್ಟಕ್ಕೇ ಬಿಡಲಿಲ್ಲ. ಮರುದಿನ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. "ನೋಡಿ, ಮನಸ್ಸು ಮಾಡಿದ್ರೆ ಹೇಗೆ ಬರೀಬಹುದು! ಓದ್ತಿದ್ರೆ ನಿಜ ಅನ್ನಿಸ್ಬೇಕು" ಎಂದೆ. ಹುಡುಗಿ ತಲೆ ತಗ್ಗಿಸಿಕೊಂಡು ಕೂತಿದ್ದಳು. ಹೊಗಳಿದರೆ ನಾಚಿಕೊಳ್ಳುತ್ತಾಳೆ ಪಾಪ ಎಂದುಕೊಂಡೆ.

ಒಂದೆರಡು ದಿನ ಕಳೆದು ಅವಳು ಸ್ಟಾಫ್ ರೂಮಿಗೆ ಬಂದಳು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. "ಅಮ್ಮ ಮಾಡಿದ್ದು ಮೇಡಂ. ಖೀರು. ನಿಮಗೆ ಕೊಟ್ಟು ಬಾ ಅಂದ್ರು" ಎಂದಳು. ಹಿಂದಿನ ದಿನ ಬುದ್ಧ ಪೂರ್ಣಿಮೆ. ಅವರ ಮನೆಯಲ್ಲಿ ಆ ದಿನ ಹಬ್ಬ, ಸಿಹಿ ಮಾಡಿ ಹಂಚುತ್ತಾರೆ ಎಂದು ನನಗೆ ಗೊತ್ತಿತ್ತು. ನಾಲ್ಕು ಜನ ಸಹೋದ್ಯೋಗಿಗಳು ಸೇರಿ ಡಬ್ಬಿ ಖಾಲಿ ಮಾಡಿದೆವು. ಗೋಡಂಬಿ ಧಾರಾಳವಾಗಿ ಹಾಕಿದ್ದರು. ತೊಳೆದ ಡಬ್ಬಿಯನ್ನು ವಾಪಸು ಕೊಡುವಾಗ, "ಅಮ್ಮನ ಕೈರುಚಿ ಚೆನ್ನಾಗಿದೆ ಅಂತ ಹೇಳು" ಎಂದೆ. ಹುಡುಗಿ ಹೂಂ ಎಂದು ಹೋದಳು.

ಜೂನ್ ಕೊನೆಯಲ್ಲಿ ಹಾಲ್ ಟಿಕೆಟ್ ಬಂದವು. ಮಧ್ಯಾಹ್ನ ನಾನು ಊಟದ ಡಬ್ಬಿ ಬಿಚ್ಚುವಷ್ಟರಲ್ಲಿ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಪಕ್ಕದಲ್ಲಿ ಬಿಳಿ ಸಮವಸ್ತ್ರದ ಒಬ್ಬ ಮನುಷ್ಯ. ಅವಳ ತಂದೆ. ಸರ್ಕಾರಿ ಕಚೇರಿಯೊಂದರಲ್ಲಿ ಅಟೆಂಡರು ಎಂದು ಆಮೇಲೆ ತಿಳಿಯಿತು. ಫೈಲನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಒಯ್ಯುವುದೇ ಅವರ ಮೂವತ್ತು ವರ್ಷದ ಕೆಲಸ.

"ನಮಸ್ಕಾರ ಮೇಡಂ. ಮಗೂದು ಹಾಲ್ ಟಿಕೆಟ್ ಬಂದಿಲ್ಲ. ಶಾರ್ಟೇಜ್ ಅಂತವ್ರೆ. ಆಫೀಸ್ನೋರು ನೋಡ್ದೆ ಬಿಟ್ಟಿರ್ಬೇಕು ಅಷ್ಟೇ. ನೀವು ಸ್ಯಾಂಕ್ಷನ್ ಮಾಡಿದ್ದು ಇಲ್ಲೈತಲ್ಲಾ" ಎಂದು ಅವರು ಎರಡು ಕೈಯಲ್ಲಿ ಒಂದು ನೋಟ್‌ಬುಕ್ಕನ್ನು ನನ್ನ ಮುಂದೆ ಹಿಡಿದರು. ತೆರೆದ ಪುಟದಲ್ಲಿ ನನ್ನದೇ ಕೆಂಪು ಶಾಯಿ.

ನನಗೆ ಮೊದಲು ಬಂದದ್ದು ಸಿಟ್ಟು. ಇದನ್ನು ಮುಚ್ಚಿಡುವುದಿಲ್ಲ. "ರೀ, ಇದು ಅಸೈನ್‌ಮೆಂಟು! ಅರ್ಜಿ ಅಲ್ಲ. ಅರ್ಜಿ ಬೇರೆ ಹಾಳೆ ಮೇಲೆ ಕೊಡ್ಬೇಕು. ಇಷ್ಟೂ ಗೊತ್ತಾಗಲ್ವಾ ಡಿಗ್ರಿ ಓದೋ ಹುಡುಗಿಗೆ?" ಎಂದು ಇಡೀ ಸ್ಟಾಫ್ ರೂಮಿಗೆ ಕೇಳಿಸುವಂತೆ ಅಂದೆ.

ತಂದೆ ಗಾಬರಿಯಾಗಿ ಮಗಳ ಮುಖ ನೋಡಿದರು, ಮತ್ತೆ ಪುಟ ನೋಡಿದರು. "ಸೈನ್ ಬಿದ್ದೈತೆ, ಡೇಟ್ ಬಿದ್ದೈತೆ. ಮೇಲೆ 'ವೆರಿ ಗುಡ್' ಅಂತ ರಿಮಾರ್ಕ್ಸ್ ಬೇರೆ. ಇನ್ನೇನು ಬೇಕು ಮೇಡಂ?" ಎಂದರು. ವ್ಯಂಗ್ಯವಲ್ಲ. ನಿಜವಾಗಿಯೂ ಕೇಳುತ್ತಿದ್ದರು. ಅವರ ಕಚೇರಿಯಲ್ಲಿ ಮನವಿಯ ಕೆಳಗೆ ಸಾಹೇಬರ ಸಹಿ, ತಾರೀಖು ಬಿದ್ದರೆ ಕೆಲಸ ಮುಗಿಯಿತು ಎಂದೇ ಅರ್ಥ. ಹಸಿರು ಶಾಯಿಯವರಿದ್ದಾರೆ, ಕೆಂಪು ಶಾಯಿಯವರಿದ್ದಾರೆ, ಶಾಯಿಯ ಬಣ್ಣದಿಂದ ಅಧಿಕಾರಿಯ ಮಟ್ಟವನ್ನೇ ಹೇಳಬಲ್ಲರು ಅವರು. ಅಂಥವರು ಮನೆಯಲ್ಲಿ ಹೆಂಡತಿಗೆ ಈ ಪುಟ ತೋರಿಸಿ, ಮೇಡಂ ಸ್ಯಾಂಕ್ಷನ್ ಮಾಡಿದ್ದಾರೆ, ಇನ್ನು ಯೋಚನೆಯಿಲ್ಲ ಎಂದಿದ್ದರಂತೆ.

"ನೀವೇ ಹೇಳಿದ್ರಲ್ಲಾ ಮೇಡಂ," ಹುಡುಗಿ ಮೆಲ್ಲಗೆ ಅಂದಳು, "ಶಾರ್ಟೇಜ್ ಇರೋರು ಸರಿಯಾಗಿ ಬರ್ದು ನನ್ನ ಹತ್ರ ಕೊಡಿ, ಎರಡೂ ಕೆಲಸ ಆಗತ್ತೆ ಅಂತ."

ನಾನು ನೋಟ್‌ಬುಕ್ಕನ್ನು ಇಸಿದುಕೊಂಡೆ. ಮೊದಲ ಸಲ ಆ ಪತ್ರವನ್ನು ಓದಿದೆ. ಹಿಂದೆ ತಿದ್ದಿದ್ದೆ, ಗಟ್ಟಿಯಾಗಿ ಉಚ್ಚರಿಸಿಯೂ ಇದ್ದೆ, ಓದಿರಲಿಲ್ಲ. ನನ್ನ ಕೆಂಪು ಗೆರೆಗಳನ್ನು ದಾಟಿ ಅದರಲ್ಲಿದ್ದದ್ದು ಇಷ್ಟು: 'ನನ್ನ ತಾಯಿಗೆ ಎರಡು ಕಿಡ್ನಿಯೂ ಹೋಗಿದೆ. ಸೋಮವಾರ, ಗುರುವಾರ ಡಯಾಲಿಸಿಸ್. ತಂದೆಗೆ ಅಷ್ಟು ರಜೆ ಸಿಗುವುದಿಲ್ಲ. ಜೊತೆಯಲ್ಲಿ ಕೂರಲು ನನ್ನನ್ನು ಬಿಟ್ಟರೆ ಯಾರೂ ಇಲ್ಲ. ಅದಕ್ಕೆ ಆ ಎರಡು ದಿನ ಕಾಲೇಜಿಗೆ ಬರಲು ಆಗಲಿಲ್ಲ. ಹೃದಯವೂ ಸೋತಿದೆ, ಇನ್ನು ಒಂದು ವರ್ಷ, ಹೆಚ್ಚೆಂದರೆ ಎರಡು ಎಂದು ಡಾಕ್ಟರು ತಂದೆಗೆ ಹೇಳಿದ್ದಾರೆ. ಅಮ್ಮನಿಗೆ ಇದು ಗೊತ್ತಿಲ್ಲ. ನಾನು ಡಿಗ್ರಿ ಮುಗಿಸುವುದನ್ನು ಅಮ್ಮ ನೋಡಬೇಕು. ಒಂದು ವರ್ಷ ಹೋದರೆ ನೋಡುವುದಿಲ್ಲ. ದಯವಿಟ್ಟು ಅನುಮತಿ ಕೊಡಿ.'

'ಅಮ್ಮನಿಗೆ ಇದು ಗೊತ್ತಿಲ್ಲ' ಎಂಬ ಸಾಲಿನ ಪಕ್ಕದಲ್ಲಿ ನನ್ನ 'ಟಚಿಂಗ್' ಕೂತಿತ್ತು.

ಹಾಜರಾತಿ ಪುಸ್ತಕ ತೆಗೆದೆ. ನಾಲ್ಕು ತಿಂಗಳಲ್ಲಿ ನಾನೇ ಕರೆದು ನಾನೇ ಗುರುತು ಹಾಕಿದ ಪುಸ್ತಕ. ಅವಳ ಸಾಲಿನಲ್ಲಿ ಪ್ರತಿ ಸೋಮವಾರ, ಪ್ರತಿ ಗುರುವಾರ ಗೈರು. ಒಂದೂ ತಪ್ಪಿರಲಿಲ್ಲ. ಕಣ್ಣಿದ್ದ ಯಾರಿಗಾದರೂ ಕಾಣುವಂತಿತ್ತು. ಆಗ ಖೀರು ನೆನಪಾಯಿತು. ಅದು ಹಬ್ಬಕ್ಕೆ ಹಂಚಿದ್ದಲ್ಲ. ಆ ತಾಯಿ, ನಿಂತರೆ ಸುಸ್ತಾಗುವ ಹೆಂಗಸು, ತಾನು ಕುಡಿಯುವ ನೀರನ್ನೂ ಅಳೆದು ಕುಡಿಯಬೇಕಾದವಳು, ನಾನು ಮಗಳಿಗೆ ಅನುಮತಿ ಕೊಟ್ಟೆನೆಂದು ಒಲೆಯ ಮುಂದೆ ನಿಂತು ಮಾಡಿ ಕಳಿಸಿದ್ದು. ನಾವು ಅದನ್ನು ಚಪ್ಪರಿಸಿ ತಿಂದಿದ್ದೆವು. ನಾಚಿಕೆಯಾಯಿತು ಎಂದರೆ ಸಾಲದು, ನನ್ನನ್ನು ಕಂಡರೆ ನನಗೇ ಹೇಸಿಗೆಯಾಯಿತು.

ಪರೀಕ್ಷೆಗೆ ಉಳಿದಿದ್ದದ್ದು ಹತ್ತು ದಿನ.

ಪ್ರಿನ್ಸಿಪಾಲರು ಕೆಟ್ಟವರಲ್ಲ, ನಿವೃತ್ತಿಗೆ ಹತ್ತಿರ ಇದ್ದವರು. ಪುಟ ನೋಡಿ ತಲೆ ಕೆರೆದುಕೊಂಡರು. "ಪೋರ್ಟಲ್ ಕ್ಲೋಸ್ ಆಗಿದೆ ಮೇಡಂ. ಇನ್ನು ಯೂನಿವರ್ಸಿಟಿಯೋರೇ ಓಪನ್ ಮಾಡ್ಬೇಕು. ಯಾರದೋ ತಪ್ಪು ಅಂತ ಬರ್ದು ಕೊಡದೆ ಅವ್ರು ಮುಟ್ಟಲ್ಲ. ನೀವ್ಯಾಕೆ ಮೈಮೇಲೆ ಎಳ್ಕೊತೀರಾ? ಸ್ಟೂಡೆಂಟ್ ಟೈಮಿಗೆ ಅರ್ಜಿ ಕೊಟ್ಟಿಲ್ಲ, ಅಷ್ಟೇ ತಾನೇ? ಮುಂದಿನ ವರ್ಷ ಬರೀತಾಳೆ."

"ಅವಳಿಗೆ ಮುಂದಿನ ವರ್ಷ ಇಲ್ಲ ಸರ್" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಪತ್ರ ಓದಿ ಎಂದು ಮುಂದೆ ತಳ್ಳಿದೆ.

ಅಂದು ಸಂಜೆ ವರಾಂಡದಲ್ಲಿ ಕುಳಿತು ನಾನೊಂದು ಪತ್ರ ಬರೆಯತೊಡಗಿದೆ. ಸಾವಿರಾರು ಮಕ್ಕಳಿಗೆ ಪತ್ರ ಬರೆಯುವುದನ್ನು ಕಲಿಸಿದವಳು ನಾನು. ಮೊದಲ ಕರಡಿನಲ್ಲಿ 'ಕಣ್ತಪ್ಪಿನಿಂದ' ಅರ್ಜಿ ಉಳಿದುಹೋಯಿತು ಎಂದು ಬರೆದೆ. ಯಾರ ಕಣ್ತಪ್ಪು ಎಂಬುದು ಅದರಲ್ಲಿ ಇರಲಿಲ್ಲ. ಎರಡನೆಯದರಲ್ಲಿ ಕೆಲಸದ ಒತ್ತಡ ಬಂತು, ಪುಸ್ತಕಗಳ ರಾಶಿ ಬಂತು, ನನ್ನ ಇಪ್ಪತ್ತೆಂಟು ವರ್ಷದ ಸೇವೆಯೂ ಬಂತು. ಓದಿ ನೋಡಿದರೆ ಗೈಡಿನ ಟೈಫಾಯಿಡ್ಡಿಗಿಂತ ಕಡೆಯಾಗಿತ್ತು. ಸುಳ್ಳು ಬರೆಯುತ್ತಾರೆ ಎಂದು ಮಕ್ಕಳನ್ನು ರೇಗಿಸುತ್ತಿದ್ದವಳಿಗೆ, ನಿಜ ಬರೆಯುವಾಗ ಒಂದು ಭಾಷೆ ಎಷ್ಟು ಬಿಗಿಯುತ್ತದೆ ಎಂದು ಐವತ್ತೇಳನೇ ವಯಸ್ಸಿನಲ್ಲಿ ಗೊತ್ತಾಯಿತು. ಆ ಹುಡುಗಿ ತನಗೆ ಅರೆಬರೆ ಬರುವ ಭಾಷೆಯಲ್ಲಿ ಇಷ್ಟೆಲ್ಲಾ ಹೇಳಿದ್ದಳು. ಭಾಷೆ ಪೂರ್ತಿ ಬರುವ ನಾನು ಅಡಗಿಕೊಳ್ಳಲು ಜಾಗ ಹುಡುಕುತ್ತಿದ್ದೆ. ಕೊನೆಗೆ ಉಳಿದದ್ದು ನಾಲ್ಕೇ ವಾಕ್ಯ. ವಿದ್ಯಾರ್ಥಿನಿ ಸಮಯಕ್ಕೆ ಸರಿಯಾಗಿ ನನ್ನ ಕೈಗೆ ಅರ್ಜಿ ಕೊಟ್ಟಿದ್ದಳು. ಅದನ್ನು ನಾನು ಅಸೈನ್‌ಮೆಂಟ್ ಎಂದುಕೊಂಡು ಅಂಕ ಹಾಕಿ ಹಿಂತಿರುಗಿಸಿದೆ. ತಪ್ಪು ನನ್ನದು. ಅವಳಿಗೆ ಪರೀಕ್ಷೆ ಬರೆಯಲು ಬಿಡಿ.

ಮೂರು ದಿನ ನಾನು, ಹುಡುಗಿ, ಅವಳ ತಂದೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಅಲೆದೆವು. ಯಾವ ಕಿಟಕಿಯಲ್ಲಿ ಕೊಡಬೇಕು, ಯಾರ ಮೇಜಿನ ಮುಂದೆ ನಿಲ್ಲಬೇಕು, ಯಾವಾಗ ಸುಮ್ಮನಿರಬೇಕು ಎಂಬುದೆಲ್ಲ ತಂದೆಗೆ ಗೊತ್ತಿತ್ತು. ನನಗೆ ಏನೂ ಗೊತ್ತಿರಲಿಲ್ಲ. ಅಲ್ಲಿಯ ಸೂಪರಿಂಟೆಂಡೆಂಟರು ನನ್ನ ಪತ್ರವನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ಮೇಡಂ, ಇದು ನಿಮ್ಮ ಸರ್ವೀಸ್ ಫೈಲಿಗೆ ಹೋಗತ್ತೆ. ಗೊತ್ತಲ್ವಾ?"

"ಗೊತ್ತು."

"ಸರಿ. ಆ ಹುಡ್ಗಿ ಕೊಟ್ಟ ಅರ್ಜಿ ಎಲ್ಲಿ? ಒರಿಜಿನಲ್ ಬೇಕು."

ನೋಟ್‌ಬುಕ್ಕಿನ ಆ ಪುಟವನ್ನು ಹುಡುಗಿ ಅಲ್ಲೇ ಸ್ಕೇಲಿಟ್ಟು ನೀಟಾಗಿ ಹರಿದು ಕೊಟ್ಟಳು. ಹನ್ನೊಂದು ತಿದ್ದುಪಡಿ, 'ಟಚಿಂಗ್', ಹತ್ತಕ್ಕೆ ಒಂಬತ್ತು ಎಲ್ಲದರ ಸಮೇತ. ಅವರು ಅದನ್ನು ಡಯಾಲಿಸಿಸ್ ಕಾರ್ಡಿನ ಜೆರಾಕ್ಸ್ ಜೊತೆ ಪಿನ್ ಮಾಡಿ ಇನ್‌ವರ್ಡ್ ನಂಬರ್ ಹಾಕಿದರು.

ಹೊರಗೆ ಮರದ ಕೆಳಗೆ ತಂದೆ ಕಾಫಿ ತರಲು ಹೋದಾಗ ನಾನು ಹುಡುಗಿಯನ್ನು ಕ್ಷಮೆ ಕೇಳಿದೆ. ಶಾಲು ಹೊದಿಸಿದ ಹಾಗೆ ಚಂದವಾಗಿ ಅಲ್ಲ, ತಡವರಿಸಿಕೊಂಡು ಕೇಳಿದೆ. "ಕ್ಲಾಸಲ್ಲಿ ನಿನ್ನ ಪತ್ರ ಓದಿದ್ನಲ್ಲ, ಎಷ್ಟು ಸಂಕಟ ಆಗಿರ್ಬೇಕು ನಿಂಗೆ."

"ಮೊದ್ಲು ಗಾಬ್ರಿ ಆಯ್ತು ಮೇಡಂ. ಆಮೇಲೆ ಅಂದ್ಕೊಂಡೆ, ಎಲ್ರಿಗೂ ಗೊತ್ತಾಗ್ಲಿ, ಇನ್ಮೇಲೆ ಯಾಕೆ ಬರ್ಲಿಲ್ಲ ಅಂತ ಯಾರೂ ಇವಳನ್ನ ಕೇಳ್ಬಾರ್ದು ಅಂತ ಓದ್ತಿದಾರೆ ಅಂತ. ನೀವು ನನ್ಗೋಸ್ಕರ ಓದಿದ್ರಿ ಅಂತಾನೇ ಅಂದ್ಕೊಂಡಿದ್ದೆ" ಎಂದಳು. ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಅನುಮತಿ ಬಂದದ್ದು ಶನಿವಾರ ಮಧ್ಯಾಹ್ನ. ಮೊದಲ ಪರೀಕ್ಷೆ ಸೋಮವಾರ, ಇಂಗ್ಲಿಷ್. ಹಾಲ್ ಟಿಕೆಟ್ ಕೈಗೆ ಬಂದ ಮೇಲೂ ತಂದೆ ಮಗಳು ಇಬ್ಬರೂ ಕಾಲೇಜಿನ ಮೆಟ್ಟಿಲ ಮೇಲೆ ಮುಖ ಸಣ್ಣ ಮಾಡಿಕೊಂಡು ನಿಂತಿದ್ದರು. ಇನ್ನೇನಾಯಿತು ಎಂದು ಕೇಳಿದೆ. ಸೋಮವಾರ ಡಯಾಲಿಸಿಸ್. ಸೆಂಟರಿನಲ್ಲಿ ಬೇರೆ ದಿನಕ್ಕೆ ಜಾಗವಿಲ್ಲ. ತಂದೆ ಈ ಮೂರು ದಿನ ಅಲೆದು ರಜೆ ಮುಗಿಸಿದ್ದರು. "ಸಾಹೇಬ್ರನ್ನ ಕೇಳ್ನೋಡ್ತೀನಿ ಮೇಡಂ. ಬಯ್ತಾರೆ. ಬಯ್ಲಿ" ಎಂದರು.

ಜೊತೆಯಲ್ಲಿ ಕೂರಲು ನನ್ನನ್ನು ಬಿಟ್ಟರೆ ಯಾರೂ ಇಲ್ಲ ಎಂದು ಅವಳು ಬರೆದಿದ್ದಳಲ್ಲ, ಆ ಸಾಲಿನಲ್ಲಿ ನಾನು ಎರಡು ಕಡೆ ತಿದ್ದಿದ್ದೆ. ನಮ್ಮದೇ ವಿಷಯದ ಪರೀಕ್ಷೆಯ ದಿನ ನಮಗೆ ಮೇಲ್ವಿಚಾರಣೆಯ ಕೆಲಸ ಹಾಕುವುದಿಲ್ಲ. "ನಾನು ಕೂತ್ಕೋತೀನಿ" ಎಂದೆ. ಇಬ್ಬರೂ ಬೇಡವೇ ಬೇಡ ಎಂದರು. ನಾನು ನನ್ನ ಹಳೆಯ ಸಿಟ್ಟನ್ನೇ ಉಪಯೋಗಿಸಿ ಬಾಯಿ ಮುಚ್ಚಿಸಿದೆ.

ಡಯಾಲಿಸಿಸ್ ಸೆಂಟರ್ ಅವರ ಮನೆಗೆ ಹತ್ತಿರವೇ, ಮಲ್ಲೇಶ್ವರದ ಕಡೆ, ಯಾವುದೋ ಟ್ರಸ್ಟಿನವರದು. ಬೆಳಗ್ಗೆ ಒಂಬತ್ತೂವರೆಗೆ ಆ ತಾಯಿಯನ್ನು ಮಲಗಿಸಿ ತೋಳಿಗೆ ಸೂಜಿ ಚುಚ್ಚಿದರು. ನನಗಿಂತ ಹತ್ತು ವರ್ಷ ಚಿಕ್ಕವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರಂತೆ ಕಾಣುತ್ತಿದ್ದರು. ಜೊತೆಯಲ್ಲಿ ಕೂರುವುದೆಂದರೆ ಸುಮ್ಮನೆ ಕೂರುವುದಲ್ಲ ಎಂದು ಅರ್ಧ ಗಂಟೆಯಲ್ಲೇ ತಿಳಿಯಿತು. ಸೂಜಿ ಇರುವ ಕೈ ಅಲ್ಲಾಡಬಾರದು, ಹಾಗಾಗಿ ಹೊದಿಕೆ ನಾವೇ ಎಳೆಯಬೇಕು, ಕೂದಲು ನಾವೇ ಸರಿಸಬೇಕು. ಕಾಲಿನ ಮೀನಖಂಡ ಹಿಡಿದುಕೊಂಡರೆ ಜೋರಾಗಿ ಉಜ್ಜಬೇಕು. ಬೆವರಿದರೆ, ಮಾತು ತೊದಲಿದರೆ ನರ್ಸನ್ನು ಕೂಗಬೇಕು. "ನೀವ್ ನನ್ ಕಾಲು ಮುಟ್ಟೋದೇ ಮೇಡಂ" ಎಂದು ಅವರು ಎರಡು ಸಲ ಕಾಲು ಎಳೆದುಕೊಂಡರು. ಮೂರನೇ ಸಲ ಸೆಳೆತ ಜೋರಾಗಿ ಬಂದು, ಸುಮ್ಮನೆ ಬಿಟ್ಟರು.

ಹತ್ತು ಗಂಟೆಗೆ ಗೋಡೆಯ ಗಡಿಯಾರ ನೋಡಿ, "ಪೇಪರ್ ಕೊಟ್ಟಿರ್ತಾರೆ ಈಗ" ಎಂದರು. ಹೌದು ಎಂದೆ. ಆಮೇಲೆ ಬಹಳ ಹೊತ್ತು ಕಣ್ಣುಮುಚ್ಚಿಕೊಂಡಿದ್ದರು. ನಿದ್ದೆ ಎಂದುಕೊಂಡೆ. ಹನ್ನೊಂದೂವರೆ ಸುಮಾರಿಗೆ ಕಣ್ಣು ಬಿಡದೆಯೇ ಕೇಳಿದರು.

"ಅವ್ಳು ಬರ್ದಿದ್ ಪತ್ರ ಕ್ಲಾಸಲ್ಲೆಲ್ಲಾ ಓದಿ ತೋರ್ಸಿದ್ರಂತೆ. ನಂಗೆ ಇಂಗ್ಲಿಷ್ ಓದಕ್ ಬರಲ್ಲ. ಓದಿ ಹೇಳೇ ಅಂದ್ರೆ, ರಜಾ ಕೇಳಿದೀನಿ ಅಷ್ಟೇ ಅಂತ ಓಡೋದ್ಲು. ಏನ್ ಬರ್ದಿದ್ಲು ಮೇಡಂ? ಕನ್ನಡದಲ್ಲಿ ಹೇಳಿ."

ಆ ಪತ್ರ ನನಗೆ ಅಷ್ಟರಲ್ಲಿ ಬಾಯಿಪಾಠವಾಗಿತ್ತು. ಒಂದೊಂದೇ ಸಾಲನ್ನು ನಿಧಾನವಾಗಿ ಹೇಳಿದೆ. ಸೋಮವಾರ, ಗುರುವಾರದ ಸಾಲು ಹೇಳಿದೆ. ತಂದೆಗೆ ರಜೆ ಸಿಗದ ಸಾಲು, ಜೊತೆಗೆ ಯಾರೂ ಇಲ್ಲದ ಸಾಲು ಹೇಳಿದೆ. ಡಾಕ್ಟರ ಸಾಲು ಬಂದಾಗ ಅದನ್ನು ದಾಟಿ ಮುಂದಕ್ಕೆ ಹೋದೆ. ನಾನು ಡಿಗ್ರಿ ಮುಗಿಸುವುದನ್ನು ಅಮ್ಮ ನೋಡಬೇಕು ಎಂದು ಬರೆದಿದ್ದಾಳೆ ಎಂದು ಹೇಳಿ ನಿಲ್ಲಿಸಿದೆ.

"ಅಷ್ಟೇನಾ?"

"ಅಷ್ಟೇ."

"ಡಾಕ್ಟ್ರು ಹೇಳಿದ್ದು ಏನೂ ಬರ್ದಿರ್ಲಿಲ್ವಾ?" ಈಗ ಅವರು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ಇಲ್ವಲ್ಲಾ" ಎಂದೆ.

ಅವರು ದೀರ್ಘವಾಗಿ ಉಸಿರು ಬಿಟ್ಟರು. "ಹಂಗಾದ್ರೆ ಅವ್ಳಿಗೆ ಗೊತ್ತಿಲ್ಲ. ಅವ್ರಪ್ಪ ಎಲ್ಲಿ ಹೇಳ್ಬಿಟ್ರೋ ಅಂತ ಒಂದೇ ಭಯ ಇತ್ತು ನಂಗೆ. ಅವ್ರು ನನ್ ಮುಂದೆ ಬಾಯಿ ಬಿಟ್ಟಿಲ್ಲ. ಅವ್ರು ಔಷ್ದಿ ತರಕ್ಕೆ ಕೆಳಗ್ ಹೋಗಿದ್ದಾಗ ನಾನೇ ಡಾಕ್ಟ್ರನ್ನ ಕೇಳಿ ತಿಳ್ಕೊಂಡೆ. ಅವ್ಳ ಓದು ಮುಗಿಯೋ ತನಕ ಗೊತ್ತಾಗ್ಬಾರ್ದು ಮೇಡಂ. ಗೊತ್ತಾದ್ರೆ ಕಾಲೇಜು ಬಿಟ್ಟು ಬಂದು ನನ್ ಪಕ್ಕ ಕೂತ್ಬಿಡ್ತಾಳೆ."

"ಅವಳಿಗೆ ಏನೂ ಗೊತ್ತಿಲ್ಲ" ಎಂದೆ.

ಒಂದೂವರೆಗೆ ಸೂಜಿ ತೆಗೆದು ತೋಳಿಗೆ ಹತ್ತಿ ಒತ್ತಿ ಕಟ್ಟುತ್ತಿದ್ದಾಗ ಹುಡುಗಿ ಬಂದಳು. ಮೆಟ್ರೋ ಇಳಿದು ಓಡಿ ಬಂದಿದ್ದಳು, ಉಸಿರು ಕಟ್ಟುತ್ತಿತ್ತು. ಒಳಗೆ ಹೋಗಲಿಲ್ಲ. ಬಾಗಿಲಿನಿಂದಲೇ ನನ್ನನ್ನು ಕರೆದು ಕಾರಿಡಾರಿನ ತುದಿಗೆ ಕರೆದೊಯ್ದಳು.

"ಅಮ್ಮ ಏನಾದ್ರೂ ಕೇಳಿದ್ರಾ ಮೇಡಂ?"

"ಪತ್ರದಲ್ಲಿ ಏನಿತ್ತು ಅಂತ ಕೇಳಿದ್ರು."

"ಆ ಸಾಲು ಹೇಳ್ಬಿಟ್ರಾ?"

"ಇಲ್ಲ. ಅಮ್ಮನಿಗೆ ಏನೂ ಗೊತ್ತಿಲ್ಲ" ಎಂದೆ.

ಅವಳು ದುಪಟ್ಟಾದಲ್ಲಿ ಮುಖದ ಬೆವರೊರೆಸಿಕೊಂಡಳು, ಅಲ್ಲೇ ಒಂದು ನಗು ಬರಿಸಿಕೊಂಡಳು, ಒಳಗೆ ಹೋದಳು. ನಾನು ಬಾಗಿಲ ಹೊರಗೇ ನಿಂತೆ. ತಾಯಿ ಅಷ್ಟರಲ್ಲಿ ಎದ್ದು ಕೂತು ಕೂದಲು ಸರಿಮಾಡಿಕೊಂಡಿದ್ದರು.

"ಹೆಂಗಿತ್ತೇ ಪೇಪರ್ರು?"

"ಈಸಿ ಇತ್ತಮ್ಮ. ನಿಂಗೆ ಹೆಂಗಿತ್ತು ಇವತ್ತು?"

"ಏನೂ ಗೊತ್ತಾಗ್ಲೇ ಇಲ್ಲ ಕಣೆ" ಎಂದರು ತಾಯಿ.